ಕೊಪ್ಪಳ ಸೀಮೆಯ ಗುಡಿ, ಕೋಟೆ, ಬಂಡೆ ಶಾಸನ: ಹೊತ್ತು ನೋಡಿ ಹೋಗುವುದು ಹೇಗೆ

ಇಟಗಿಯ ಮಹಾದೇವ ಗುಡಿಯನ್ನು ನಡುಮಧ್ಯಾಹ್ನ ನೋಡಿ ಬಂದವರು ಅರ್ಧ ಗುಡಿಯನ್ನಷ್ಟೇ ನೋಡಿರುತ್ತಾರೆ. ಬಿಸಿಲು ನೆತ್ತಿಯ ಮೇಲಿದ್ದಾಗ ಮುಂಚಾಚಿನ ನೆರಳು ಗೋಡೆಯ ಮೇಲ್ಭಾಗವನ್ನು ಮುಚ್ಚುತ್ತದೆ. ಗೂಡುಗಳಲ್ಲಿ ಕೆತ್ತಿದ್ದು ಕಪ್ಪಾಗಿ ಕಾಣುತ್ತದೆ, ಒಳಗಿನ ಬಾಗಿಲವಾಡಕ್ಕೆ ಬೆಳಕೇ ತಲುಪುವುದಿಲ್ಲ. ಅದೇ ಗುಡಿಗೆ ಬೆಳಿಗ್ಗೆ ಏಳೂವರೆಗೆ ಹೋದರೆ ಪೂರ್ವದ ಬಿಸಿಲು ಕಂಬಗಳ ನಡುವಿನಿಂದ ಒಳಕ್ಕೆ ಹಾಯ್ದು ಕಲ್ಲಿನ ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತದೆ. ಕೊಪ್ಪಳ ಜಿಲ್ಲೆಯ ಹಳೆಯ ಜಾಗಗಳನ್ನು ನೋಡುವವರಿಗೆ ಮೊದಲು ಹೇಳಬೇಕಾದ ಮಾತು ಇದೇ: ದಾರಿ ನೋಡಿ ಪ್ರವಾಸ ಹಾಕಬೇಡಿ, ಹೊತ್ತು ನೋಡಿ ಹಾಕಿ. ದಿನಕ್ಕೆ ಎರಡೇ ಜಾಗ, ಬೆಳಿಗ್ಗೆ ಒಂದು, ಇಳಿಹೊತ್ತಿಗೆ ಒಂದು. ನಡುವಿನ ನಾಲ್ಕು ತಾಸು ಊಟಕ್ಕೆ, ನೆರಳಿಗೆ, ದಾರಿಗೆ.

ಹಂಪಿಗೆ ಬಂದವರು ಉಳಿದ ಅರ್ಧ ದಿನದಲ್ಲಿ ಆನೆಗೊಂದಿ, ಇಟಗಿ, ಕುಕನೂರು ಮೂರನ್ನೂ ಮುಗಿಸಲು ಹೊರಡುತ್ತಾರೆ. ಆನೆಗೊಂದಿ ಜಿಲ್ಲೆಯ ಪೂರ್ವದ ಅಂಚು, ಇಟಗಿ ಪಶ್ಚಿಮದ ಅಂಚು. ಒಂದೇ ದಿನ ಎರಡಕ್ಕೂ ಹೋದರೆ ಹೊತ್ತೆಲ್ಲ ಗಾಡಿಯಲ್ಲೇ ಕಳೆಯುತ್ತದೆ. ಮೂರು ದಿನ ಇಟ್ಟುಕೊಳ್ಳಿ: ಒಂದು ದಿನ ಇಟಗಿ–ಕುಕನೂರು, ಒಂದು ದಿನ ಕೊಪ್ಪಳ ಪಟ್ಟಣದ ಬಂಡೆ ಶಾಸನಗಳು ಮತ್ತು ಕೋಟೆ, ಒಂದು ದಿನ ಹಿರೇಬೆಣಕಲ್ ಮತ್ತು ಆನೆಗೊಂದಿ. ಎರಡೇ ದಿನ ಇದ್ದರೆ ಕೋಟೆ ಬಿಡಿ, ಇಟಗಿ ಬಿಡಬೇಡಿ.

ಕಾಲ ಮತ್ತು ಸಾಮಾನು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಗಾಳಿಗಿಂತ ಕಲ್ಲು ಹೆಚ್ಚು ಸುಡುತ್ತದೆ. ಪೂಜೆ ನಡೆಯುವ ಗುಡಿಯಲ್ಲಿ ಚಪ್ಪಲಿ ಬಿಡಲೇಬೇಕು, ಹತ್ತೂವರೆಯ ನಂತರ ಹಾಸುಗಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ದಪ್ಪನೆಯ ಒಂದು ಜೊತೆ ಹತ್ತಿ ಸಾಕ್ಸ್ ಚೀಲದಲ್ಲಿರಲಿ, ಗುಡಿ ಸುತ್ತುವಾಗ ಹಾಕಿಕೊಳ್ಳಬಹುದು.

ಮಳೆ ಬಿದ್ದ ಮರುದಿನ ಕುಕನೂರು, ಯಲಬುರ್ಗಾ ಕಡೆಯ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಅದು ಎರೆ ಭೂಮಿ. ಒದ್ದೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಬೈಕು ನಿಂತಲ್ಲೇ ನಿಲ್ಲುತ್ತದೆ, ತಳ್ಳಲೂ ಆಗುವುದಿಲ್ಲ. ಒಣಗಲು ಎರಡು ದಿನದ ಬಿಸಿಲು ಬೇಕು. ಡಾಂಬರು ರಸ್ತೆ ದೂರವಾದರೂ ಅದನ್ನೇ ಹಿಡಿಯಿರಿ.

ತಲೆಗೆ ಮೂರು ಲೀಟರ್ ನೀರು ಲೆಕ್ಕ. ಹಿರೇಬೆಣಕಲ್ ಗುಡ್ಡದ ಮೇಲೆ ಅಂಗಡಿ ಇಲ್ಲ. ಬಳ್ಳಾರಿ ಜಾಲಿಯ ಮುಳ್ಳು ತೆಳು ಚಪ್ಪಲಿಯನ್ನು ಸೀಳಿಕೊಂಡು ಕಾಲಿಗೆ ನಾಟುತ್ತದೆ, ಆದ್ದರಿಂದ ಅಡಿ ಗಟ್ಟಿ ಇರುವ ಬೂಟು ಬೇಕು. ಬೈಕಿನಲ್ಲಿ ಹೋಗುವವರು ಪಂಕ್ಚರ್ ಸಾಮಾನು ಇಟ್ಟುಕೊಳ್ಳಲಿ, ಹಳ್ಳಿಯ ಪಂಕ್ಚರ್ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿರುವುದು ಸಾಮಾನ್ಯ. ಇವುಗಳ ಜೊತೆ ಒಂದು ಸಣ್ಣ ಟಾರ್ಚು, ಅಂಗೈ ಅಗಲದ ಒಂದು ಮುಖ ನೋಡುವ ಕನ್ನಡಿ, ಒಂದು ನೋಟ್‌ಬುಕ್ಕು. ಕನ್ನಡಿ ಯಾಕೆ ಎಂಬುದು ಮುಂದೆ ಬರುತ್ತದೆ.

ಕೊಪ್ಪಳಕ್ಕೆ ಹುಬ್ಬಳ್ಳಿ–ಗುಂತಕಲ್ ಮಾರ್ಗದ ರೈಲು ಇದೆ, ಗಂಗಾವತಿಗೂ ಈಗ ರೈಲು ಬರುತ್ತದೆ. ಕೊಪ್ಪಳದಿಂದ ಕುಕನೂರಿಗೆ, ಗಂಗಾವತಿಯಿಂದ ಆನೆಗೊಂದಿಗೆ ಸರಕಾರಿ ಬಸ್ಸು ಸಿಗುತ್ತದೆ. ಕುಕನೂರಿನಿಂದ ಇಟಗಿಗೆ ಸುಮಾರು 7 ಕಿ.ಮೀ. ಬಸ್ಸು ಅಪರೂಪ, ಆಟೋ ಹಿಡಿಯುವುದೇ ಲೇಸು. ಆದರೆ ಹೋಗಿ ಬಿಟ್ಟು ಬರುವಂತೆ ಮಾತಾಡಬೇಡಿ, ಎರಡು ತಾಸು ಅಲ್ಲೇ ನಿಲ್ಲುವಂತೆ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಇಟಗಿಯಲ್ಲಿ ವಾಪಸ್ ಆಟೋ ಹುಡುಕುತ್ತಾ ನಿಂತರೆ ಕುಕನೂರಿನ ಇಳಿಹೊತ್ತು ಕೈಬಿಟ್ಟು ಹೋಗುತ್ತದೆ.

ಇಟಗಿ

ಈ ಗುಡಿಯನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಕಾಲ ಕ್ರಿ.ಶ. 1112. ಅಲ್ಲಿಯ ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿ ಸಹ ಅವನೇ ಕಟ್ಟಿಸಿದ್ದು. ದೊಡ್ಡ ಗುಡಿಯ ಸುತ್ತ ಸಣ್ಣ ಗುಡಿಗಳ ಸಾಲೇ ಇದೆ, ಹತ್ತಿರದಲ್ಲೇ ಮೆಟ್ಟಿಲುಗಳ ಪುಷ್ಕರಣಿ ಇದೆ.

ನೋಡುವ ಕ್ರಮ ಹೀಗಿರಲಿ. ಗೇಟು ದಾಟಿದ ಕೂಡಲೇ ಒಳಗೆ ನುಗ್ಗಬೇಡಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಮೊದಲ ಒಂದು ತಾಸು ಮಾತ್ರ ಕಂಬಗಳ ಮಂಟಪದ ಆಳಕ್ಕೆ ಬಿಸಿಲು ಇಳಿಯುತ್ತದೆ. ಮುಂದೆ ಇಪ್ಪತ್ತು ಹೆಜ್ಜೆ ದೂರ ನಿಂತು ಇಡೀ ಗುಡಿಯ ಅಳತೆಯನ್ನು ಕಣ್ಣಿಗೆ ತಂದುಕೊಳ್ಳಿ: ತೆರೆದ ಮಂಟಪ, ಅದರ ಹಿಂದೆ ಮುಚ್ಚಿದ ಮಂಟಪ, ಅಂತರಾಳ (ಗರ್ಭಗುಡಿಯ ಮುಂದಿನ ಸಣ್ಣ ಅಂಕಣ), ಗರ್ಭಗುಡಿ, ಮೇಲೆ ಶಿಖರ. ಆಮೇಲೆ ಕಂಬಗಳಿಗೆ ಹೋಗಿ.

ಕಂಬದ ಮುಂದೆ ಒಂದು ಗೇಣು ದೂರದಲ್ಲಿ ನಿಂತು ಟಾರ್ಚನ್ನು ಕಂಬಕ್ಕೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ದುಂಡನೆಯ ಭಾಗದ ಸುತ್ತ ಕೂದಲೆಳೆಯಂಥ ಅಡ್ಡಗೆರೆಗಳು ಒಂದರ ಮೇಲೊಂದು ಸಮಾನಾಂತರವಾಗಿ ಏಳುತ್ತವೆ. ಕಲ್ಲನ್ನು ಚರಕಿಗೆ ಹಾಕಿ ತಿರುಗಿಸಿ ಉಳಿ ಒತ್ತಿದ್ದರ ಗುರುತು ಅದು. ಕೈಯಿಂದ ಕೆತ್ತಿದ ಕಂಬದಲ್ಲಿ ಗೆರೆ ಇಷ್ಟು ನೇರವಾಗಿ ಸುತ್ತುವುದಿಲ್ಲ, ಎಲ್ಲೋ ಒಂದು ಕಡೆ ಏರುಪೇರಾಗುತ್ತದೆ. ಮೇಲೆ ಮುಚ್ಚಳದಂತೆ ತೆಳ್ಳಗೆ ಹೊರಚಾಚಿದ ಅಂಚಿನ ಕೆಳಗೆ ಬೆಳಕು ಹಿಡಿದರೆ ಅಲ್ಲಿ ಕೂಡ ಅದೇ ಗೆರೆ. ಈ ಕೆಲಸ ಸಾಧ್ಯವಾದದ್ದು ಕಲ್ಲಿನ ಗುಣದಿಂದ. ಇಟಗಿಯ ಕಲ್ಲು ಬಳಪದ ಕಲ್ಲಿನ ಜಾತಿಯದು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ.

ಗಟ್ಟಿಯಾಯಿತು ಎಂದರೂ ಚೀಲದ ಜಿಪ್ಪು, ಬೆಲ್ಟಿನ ಬಕಲ್, ಕೀಲಿಗೊಂಚಲು ತಾಗಿದರೆ ಇದರ ಮೇಲೆ ಬಿಳಿ ಗೀರು ಬೀಳುತ್ತದೆ. ಆ ಗೀರು ಒರೆಸಿದರೆ ಹೋಗುವುದಿಲ್ಲ. ಬೆನ್ನಚೀಲವನ್ನು ಮುಂದಕ್ಕೆ ಹಾಕಿಕೊಂಡು ಒಳಗೆ ಹೋಗಿ, ಕಂಬಕ್ಕೆ ಒರಗಬೇಡಿ. ಮಕ್ಕಳನ್ನು ಕಂಬದ ಬುಡದ ಮೇಲೆ ನಿಲ್ಲಿಸಿ ಫೋಟೋ ತೆಗೆಯುವುದು ಎಲ್ಲ ಕಡೆ ಕಾಣುವ ತಪ್ಪು. ಬುಡದ ಅಂಚಿನ ಕೆತ್ತನೆ ಮೊದಲು ಸವೆಯುವುದೇ ಹಾಗೆ.

ಈಗ ಕನ್ನಡಿ. ಮುಚ್ಚಿದ ಮಂಟಪದ ಒಳಚಾವಣಿಗೂ ಅಂತರಾಳದ ಬಾಗಿಲವಾಡಕ್ಕೂ ಟಾರ್ಚಿನ ಬೆಳಕು ಸಾಲದು. ಒಬ್ಬರು ಹೊರಗೆ ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗಿನ ಗೋಡೆಗೆ ಹಾಯಿಸಿ, ಇನ್ನೊಬ್ಬರು ಒಳಗಿದ್ದು ನೋಡಿ. ಬಿಸಿಲ ಚೌಕವನ್ನು ಕೆತ್ತನೆಯ ಮೇಲೆ ನೇರ ಹಾಕಬೇಡಿ. ಪಕ್ಕದ ಗೋಡೆಗೆ ಹಾಕಿ, ಅಲ್ಲಿಂದ ಚೆದುರಿದ ಬೆಳಕಿನಲ್ಲಿ ಚಾವಣಿ ಇಡಿಯಾಗಿ ಕಾಣುತ್ತದೆ. ಪೂಜೆಗೆ ಬಂದವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಅರ್ಚಕರು ಒಳಗಿದ್ದರೆ ಕೇಳಿ ಮಾಡಿ.

ಹೊರಗೋಡೆಯನ್ನು ಸುತ್ತುವುದಕ್ಕೂ ಲೆಕ್ಕ ಇದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ದಿನವಿಡೀ ಬಿಸಿಲು, ಉತ್ತರದ ಗೋಡೆಗೆ ಇಡೀ ದಿನ ನೆರಳು. ಉತ್ತರದ ಗೋಡೆಗೆ ಬಿಸಿಲು ಬೀಳುವುದನ್ನು ನೋಡಬೇಕೆಂದರೆ ಯುಗಾದಿಯಿಂದ ದಸರೆಯ ಮುಂಚಿನವರೆಗಿನ ತಿಂಗಳುಗಳಲ್ಲಿ ಬೆಳಿಗ್ಗೆ ಅಥವಾ ಸಂಜೆ ಬರಬೇಕು. ಚಳಿಗಾಲದಲ್ಲಿ ಬಂದವರು ಉತ್ತರದ ಕೆತ್ತನೆಯ ಫೋಟೋ ಮಂಕಾಯಿತೆಂದು ಫ್ಲ್ಯಾಶ್ ಹಾಕುತ್ತಾರೆ, ಎದುರಿನಿಂದ ಬಿದ್ದ ಬೆಳಕು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ. ಅದರ ಬದಲು ಟಾರ್ಚನ್ನು ಪಕ್ಕದಿಂದ ಹಿಡಿಸಿ ತೆಗೆಯಿರಿ. ಪಶ್ಚಿಮದ ಹಿಂಗೋಡೆಗೆ ಮಧ್ಯಾಹ್ನದ ನಂತರವೇ ಬಿಸಿಲು.

ಶಾಸನ ಇದ್ದಲ್ಲಿ

ಈ ಸೀಮೆಯ ಗುಡಿಯ ಶಾಸನಕ್ಕೆ ಒಂದು ರೂಪವಿದೆ. ಕಲ್ಲಿನ ತಲೆಯಲ್ಲಿ ಲಿಂಗ, ಪೂಜಿಸುವವನು, ಹಸು–ಕರು, ಸೂರ್ಯ–ಚಂದ್ರ. ಶೈವ ಗುಡಿಯಾದರೆ ಮೊದಲ ಸಾಲು ಬಹಳ ಸಲ ‘ನಮಸ್ತುಂಗ ಶಿರಶ್ಚುಂಬಿ’ ಎಂದು ಶುರುವಾಗುತ್ತದೆ. ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪದ ಶ್ಲೋಕ: ಕೊಟ್ಟ ಭೂಮಿಯನ್ನು ಕಸಿದುಕೊಂಡವನಿಗೆ ಆಗುವ ಗತಿ. ಮೊದಲನೆಯದನ್ನೂ ಕೊನೆಯದನ್ನೂ ಗುರುತಿಸಿದರೆ ನಡುವೆ ಇರುವುದು ರಾಜನ ಬಿರುದು, ದಾನಿಯ ಹೆಸರು, ಭೂಮಿಯ ಅಳತೆ, ಎಲ್ಲೆ ಎಂದು ತಿಳಿಯುತ್ತದೆ. ಹನ್ನೊಂದು–ಹನ್ನೆರಡನೇ ಶತಮಾನದ ಅಕ್ಷರ ಇವತ್ತಿನ ಕನ್ನಡಕ್ಕೆ ಹತ್ತಿರ. ಅರ್ಧ ತಾಸು ಕೂತರೆ ಐದಾರು ಅಕ್ಷರ ಹಿಡಿಯುತ್ತವೆ, ಅಲ್ಲಿಂದ ಮುಂದೆ ಓದು ಬಿಡಿಸಿಕೊಳ್ಳುತ್ತದೆ.

ಕಾಲ ಕಂಡುಹಿಡಿಯುವ ಲೆಕ್ಕ ಸುಲಭ. ‘ಶಕ ವರ್ಷ’ ಎಂದಿದ್ದರೆ 78 ಕೂಡಿಸಿ. ‘ಚಾಲುಕ್ಯ ವಿಕ್ರಮ ವರ್ಷ’ ಎಂದಿದ್ದರೆ 1075 ಕೂಡಿಸಿ, ಏಕೆಂದರೆ ಆರನೇ ವಿಕ್ರಮಾದಿತ್ಯ ಶಕ ವರ್ಷವನ್ನು ಬಿಟ್ಟು 1076ರಿಂದ ತನ್ನದೇ ವರ್ಷ ಎಣಿಸಲು ಶುರು ಮಾಡಿದ. 37ನೆಯ ವರ್ಷ ಎಂದರೆ 1112.

ಅಕ್ಷರ ಕಾಣುವುದಿಲ್ಲ ಎಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ನೀರು ಸುರಿದು ಉಜ್ಜುವುದು, ಮೂರೂ ಕೂಡದು. ಸುಣ್ಣದ ಪುಡಿ ಅಕ್ಷರದ ಆಳಕ್ಕೆ ಕೂತುಬಿಡುತ್ತದೆ. ಎಣ್ಣೆ ಧೂಳು ಹಿಡಿದು ಕಪ್ಪು ಪದರ ಕಟ್ಟುತ್ತದೆ, ಅದನ್ನು ತೆಗೆಯಲು ಹೋದರೆ ಅಕ್ಷರದ ಅಂಚೂ ಹೋಗುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲವೇ ನೆರಳಲ್ಲಿ ಪಕ್ಕದಿಂದ ಹಿಡಿದ ಟಾರ್ಚು ಸಾಕು. ಒಂದೇ ಕಲ್ಲಿಗೆ ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಬೆಳಕು ಹಿಡಿದು ಮೂರು ಫೋಟೋ ತೆಗೆಯಿರಿ. ಎಡದ ಬೆಳಕಿನಲ್ಲಿ ಮುಚ್ಚಿಹೋದ ಗೆರೆ ಬಲದ ಬೆಳಕಿನಲ್ಲಿ ಏಳುತ್ತದೆ. ಒದ್ದೆ ಕಾಗದ ಹಚ್ಚಿ ಪಡಿಯಚ್ಚು ತೆಗೆಯುವುದು ಶಾಸನತಜ್ಞರು ಅನುಮತಿ ಪಡೆದು ಮಾಡುವ ಕೆಲಸ. ಫೋಟೋ ಬಿಟ್ಟು ಬೇರೆ ನಕಲು ನಮಗೆ ಬೇಡ.

ಕುಕನೂರು

ಮಧ್ಯಾಹ್ನದ ಊಟ ಕುಕನೂರಿನ ಖಾನಾವಳಿಯಲ್ಲಿ ಮುಗಿಸಿ, ಮೂರೂವರೆಗೆ ನವಲಿಂಗ ಗುಡಿಗೆ ಹೋಗಿ. ರಾಷ್ಟ್ರಕೂಟರ ಕಾಲದ ಒಂಬತ್ತು ಗುಡಿಗಳ ಗುಂಪು ಇದು. ಇಟಗಿ ನೋಡಿ ಅದೇ ದಿನ ಇಲ್ಲಿಗೆ ಬರುವುದರಲ್ಲೇ ಲಾಭ ಇರುವುದು. ಇಲ್ಲಿಯ ಕಲ್ಲು ಮರಳುಗಲ್ಲು, ಹರಳು ಒರಟು. ಅದಕ್ಕೆ ಗೋಡೆಗಳು ಸಾದಾ, ಕಂಬಗಳು ದಪ್ಪ, ಕೆತ್ತನೆ ಬಾಗಿಲ ಮೇಲಿನ ಮಕರ ತೋರಣದಂಥ ಕೆಲವು ಕಡೆ ಮಾತ್ರ. ಈ ನಾಡಿನ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದದ್ದು ಹನ್ನೊಂದನೇ ಶತಮಾನದಲ್ಲಿ. 1050ರ ಹೊತ್ತಿಗೆ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಆ ಬದಲಾವಣೆಯ ಮೊದಲ ಸಾಲಿನದು. ಕಲ್ಲು ಬದಲಾದ ಮೇಲೆ ಉಳಿಯ ಕೆಲಸ ಎಷ್ಟು ಬದಲಾಯಿತು ಎನ್ನುವುದು ಪುಸ್ತಕದಲ್ಲಿ ಓದಿದರೆ ಹೊಳೆಯುವುದಿಲ್ಲ, 7 ಕಿ.ಮೀ. ಅಂತರದಲ್ಲಿ ಎರಡೂ ಕಲ್ಲು ನೋಡಿದವರಿಗೆ ಕೂಡಲೇ ಹೊಳೆಯುತ್ತದೆ.

ಊರಲ್ಲೇ ಇರುವ ಕಲ್ಲೇಶ್ವರ ಗುಡಿ ಹತ್ತನೇ ಶತಮಾನದ್ದು, ರಾಷ್ಟ್ರಕೂಟರಿಂದ ಚಾಲುಕ್ಯರ ಶೈಲಿಗೆ ದಾಟುವ ಹಂತ. ಗೋಡೆ ಇನ್ನೂ ಸಾದಾ, ಆದರೆ ಶಿಖರದ ಅಂತಸ್ತುಗಳು ಅಚ್ಚುಕಟ್ಟು. ಮಹಾಮಾಯೆಯ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಭಕ್ತರು ಹೆಚ್ಚು. ಆ ದಿನ ಫೋಟೋ, ಕನ್ನಡಿ, ಟಾರ್ಚು ಏನೂ ಬೇಡ, ಕೈಮುಗಿದು ಬನ್ನಿ.

ಹೊಸ ಕಲ್ಲು, ಹಳೆ ಕಲ್ಲು

ದುರಸ್ತಿಯಾದ ಕಟ್ಟಡ ನೋಡುವಾಗ ಯಾವುದು ಮೂಲ, ಯಾವುದು ನಂತರದ್ದು ಎಂದು ಬೇರೆ ಮಾಡಲು ಬರಬೇಕು. ಹಳೆ ಗುಡಿಯಲ್ಲಿ ಬಿದ್ದ ಕಲ್ಲಿನ ಜಾಗಕ್ಕೆ ಹೊಸದನ್ನು ಹಾಕುವಾಗ ಅಳತೆ, ಸುತ್ತಿನ ರೇಖೆ ಹೊಂದಿಸುತ್ತಾರೆ, ಆದರೆ ಕೆತ್ತನೆ ನಕಲು ಮಾಡದೆ ಸಾದಾ ಬಿಡುತ್ತಾರೆ. ಮೂಲವೆಂದು ಯಾರೂ ಮೋಸ ಹೋಗಬಾರದು ಎಂಬುದೇ ಅದರ ಉದ್ದೇಶ. ಹಾಗಾಗಿ ಕೆತ್ತನೆಯ ಪಟ್ಟಿ ತಟ್ಟನೆ ನಿಂತು ಎರಡು ಮೊಳ ಸಪಾಟಾಗಿ ಹೋಗಿ ಮತ್ತೆ ಶುರುವಾದರೆ ನಡುವಿನದು ದುರಸ್ತಿ. ಇದನ್ನು ಕೆಲಸ ಅರ್ಧಕ್ಕೆ ಬಿಟ್ಟಿದ್ದು ಎಂದು ಬೈಯಬೇಡಿ, ಅದೇ ಸರಿಯಾದ ಕೆಲಸ.

ಎರಡನೆಯ ಗುರುತು ಸಂದಿನಲ್ಲಿ. ಹಳೆಯ ಗುಡಿಗಳಲ್ಲಿ ಕಲ್ಲಿಗೆ ಕಲ್ಲು ಗಾರೆಯಿಲ್ಲದೆ ಕೂಡಿರುತ್ತದೆ, ಸಂದಿನಲ್ಲಿ ಪೋಸ್ಟ್‌ಕಾರ್ಡೂ ತೂರದು. ನಂತರ ತುಂಬಿದ ಗಾರೆ ಸುಣ್ಣದ್ದಾದರೆ ಕೆನೆ ಬಣ್ಣ, ಬೆರಳುಗುರಿನಿಂದ ಒತ್ತಿದರೆ ಸ್ವಲ್ಪ ಉದುರುವಂಥದ್ದು (ಒತ್ತಿ ನೋಡಬೇಡಿ, ಕಣ್ಣಿಂದಲೇ ತಿಳಿಯುತ್ತದೆ). ಸಿಮೆಂಟಾದರೆ ಬೂದು ಬಣ್ಣ, ಅಂಚು ಚೂಪು, ನಡುವೆ ಕೂದಲು ಬಿರುಕು. ಹಳೆ ಕಲ್ಲಿಗೆ ಸಿಮೆಂಟು ಯಾಕೆ ಕೆಡುಕು ಎಂದರೆ ಅದು ಕಲ್ಲಿಗಿಂತ ಗಟ್ಟಿ ಮತ್ತು ನೀರಿನ ಆವಿಯನ್ನು ಹೊರಬಿಡುವುದಿಲ್ಲ. ಮಳೆಗಾಲದಲ್ಲಿ ಗೋಡೆಯೊಳಗೆ ಸೇರಿದ ತೇವ ಸಂದಿನ ಮೂಲಕ ಹೊರಬರಲಾಗದೆ ಕಲ್ಲಿನ ಮೂಲಕವೇ ಹೊರಬೀಳುತ್ತದೆ, ಬರುವಾಗ ಉಪ್ಪನ್ನೂ ತರುತ್ತದೆ. ಉಪ್ಪು ಒಣಗಿ ಹರಳುಗಟ್ಟಿದಾಗ ಕಲ್ಲಿನ ಮೇಲ್ಪದರ ಹಪ್ಪಳದಂತೆ ಎದ್ದು ಬರುತ್ತದೆ. ಮರಳುಗಲ್ಲಿನಲ್ಲಿ ಇದು ಬೇಗ. ಸಿಮೆಂಟು ಪಟ್ಟಿಯ ಎರಡೂ ಬದಿಯ ಕಲ್ಲು ಸವೆದು, ಸಿಮೆಂಟು ಮಾತ್ರ ಉಬ್ಬಿ ನಿಂತಿರುವುದನ್ನು ಕಂಡರೆ ಕಾರಣ ಇದು. ಸುಣ್ಣಕ್ಕೆ ಮರಳು, ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಸೇರಿಸಿ ಅರೆದ ಗಾರೆಯನ್ನು ಇವತ್ತಿಗೂ ಹಳೆ ಕಟ್ಟಡದ ದುರಸ್ತಿಗೆ ಬಳಸುವುದು ಈ ಕಾರಣಕ್ಕೇ: ಸವೆಯಬೇಕಾದದ್ದು ಗಾರೆ, ಕಲ್ಲಲ್ಲ.

ಕೊಪ್ಪಳ ಪಟ್ಟಣ

ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡು, ಎರಡೂ ಕಡೆ ಅಶೋಕನ ಕಿರು ಬಂಡೆಶಾಸನವಿದೆ. ಕ್ರಿ.ಪೂ. ಮೂರನೇ ಶತಮಾನದ್ದು, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಇವು ಬೆಳಕಿಗೆ ಬಂದದ್ದು 1931ರಲ್ಲಿ. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹುಪಾಲು ಸವೆದಿದೆ. ಹಾಗಾಗಿ ಮೊದಲು ಗವಿಮಠ, ಕಣ್ಣು ಪಳಗಿದ ಮೇಲೆ ಪಾಲ್ಕಿಗುಂಡು. ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಕೂತ ಚಪ್ಪಡಿ ದೂರದಿಂದಲೇ ದಾರಿ ತೋರುತ್ತದೆ.

ಹೋಗುವ ಮುನ್ನ ರಾತ್ರಿ ಬ್ರಾಹ್ಮಿಯ ನಾಲ್ಕು ಅಕ್ಷರ ಕಲಿತು ಹೋಗಿ. ಕೂಡಿಸುವ ಗುರುತಿನಂತೆ ಇರುವುದು ‘ಕ’, ತಲೆಕೆಳಗಾದ ಇಂಗ್ಲಿಷ್ ‘ಟಿ’ಯಂತೆ ಇರುವುದು ‘ನ’, ಮೇಲ್ಮುಖದ ಬಾಣದ ಮೊನೆಯಂತೆ ಇರುವುದು ‘ಗ’, ದುಂಡಿನ ಮೇಲೆ ಎರಡು ಕೋಡು ಇದ್ದರೆ ‘ಮ’. ಶುರುವಿನ ‘ದೇವಾನಂಪಿಯ’ ಎಂಬ ಹೆಸರಿನಲ್ಲಿ ‘ನ’ ಹುಡುಕಿ ಹಿಡಿದರೆ ಅಕ್ಕಪಕ್ಕದ ಅಕ್ಷರ ತಾವಾಗಿ ಸಿಗುತ್ತವೆ. ಇಲ್ಲಿ ಅಶೋಕ ಎಂಬ ಹೆಸರು ಇಲ್ಲ. ಆ ಹೆಸರನ್ನೇ ನೋಡಬೇಕೆಂದರೆ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಬೇಕು. ‘ದೇವಾನಂಪಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಸಿಕ್ಕ ಆ ಶಾಸನದಿಂದ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಇದೆ.

ಬೆಳಿಗ್ಗೆ ಎಂಟರೊಳಗೆ ಹೋಗಿ. ಬಂಡೆಯ ಮೇಲೆ ಕೂರುವುದು, ಶಾಸನದ ಮೇಲೆ ಕಾಲಿಡುವುದು ಬೇಡ, ಅಕ್ಷರ ಹೆಚ್ಚು ಆಳವಿಲ್ಲ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನ ಸೇರುತ್ತಾರೆ. ಜಾತ್ರೆಗೆಂದೇ ಬರುವುದಾದರೆ ಬನ್ನಿ, ಶಾಸನ ನೋಡಲು ಆ ವಾರ ಬೇಡ, ವಸತಿಯೂ ಸಿಗದು.

ಕೋಟೆಗೆ ಸಂಜೆ ನಾಲ್ಕಕ್ಕೆ ಏರಿ, ಕತ್ತಲಾಗುವ ಮುಂಚೆ ಇಳಿಯಿರಿ. ಪಾಳೆಯಗಾರನಿಂದ ಟಿಪ್ಪು 1786ರಲ್ಲಿ ಇದನ್ನು ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಗಟ್ಟಿ ಮಾಡಿದ. 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮನ ಸೈನ್ಯ ಮುತ್ತಿ ತಿಂಗಳುಗಟ್ಟಲೆ ಕಾಯಬೇಕಾಯಿತು. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದು ಈ ಕೋಟೆಯಲ್ಲೇ. ಬುರುಜಿನ ಅಂಚಿನ ಕಲ್ಲು ಸಡಿಲ, ಫೋಟೋಗೆಂದು ಅಂಚಿಗೆ ಹೋಗಬೇಡಿ. ಹೆಜ್ಜೇನು ಕಟ್ಟಿದ್ದು ಕಂಡರೆ ಸದ್ದಿಲ್ಲದೆ ಹಿಂದೆ ಬನ್ನಿ. ಬೀಡಿ–ಸಿಗರೇಟಿನ ಹೊಗೆ, ಸೆಂಟಿನ ವಾಸನೆ ಅವುಗಳನ್ನು ಕೆರಳಿಸುತ್ತದೆ. ಕಲ್ಲಿನ ಸಂದಿಗೆ ಕೈ ಹಾಕಿ ಹತ್ತಬೇಡಿ, ಚೇಳು ಇರುತ್ತದೆ.

ಹಿರೇಬೆಣಕಲ್

ಗಂಗಾವತಿಯ ಹತ್ತಿರದ ಈ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಕಲ್ಲುಮನೆಗಳು, ಸಮಾಧಿಗಳು ಇವೆ. ಊರವರ ಮಾತಿನಲ್ಲಿ ಮೋರ್ಯರ ಮನೆ. ಕಾಲ ಕ್ರಿ.ಪೂ. 800ರಿಂದ 200ರ ನಡುವೆ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಗೆ ಸೇರಿದೆ.

ಬೆಳಿಗ್ಗೆ ಆರೂವರೆಗೆ ಬುಡದಲ್ಲಿರಬೇಕು. ಏರಲು ಒಂದರಿಂದ ಒಂದೂವರೆ ತಾಸು, ಮೇಲೆ ಎರಡು ತಾಸು, ಹತ್ತೂವರೆಯೊಳಗೆ ಇಳಿದಿರಬೇಕು. ಇದಕ್ಕಿಂತ ತಡವಾದರೆ ಬಂಡೆ ಕಾದು ಕೆಳಗಿನಿಂದಲೂ ಮೇಲಿನಿಂದಲೂ ಬೇಯಿಸುತ್ತದೆ. ದಾರಿ ಬಂಡೆಗಳ ಮೇಲೆ ಕವಲೊಡೆಯುತ್ತದೆ, ಫೋನಿನ ಮ್ಯಾಪು ನಂಬಿ ಒಬ್ಬರೇ ಹೋಗುವುದು ಬೇಡ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಹಿಂದಿನ ದಿನ ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿ: ‘ಯಜಮಾನ್ರ, ಮೋರ್ಯರ ಮನಿ ತೋರಸಾಕ ಯಾರರ ಬರ್ತಾರೇನ್ರಿ?’ ಬಂದವರಿಗೆ ಅರ್ಧ ದಿನದ ಕೂಲಿಗೆ ಕಡಿಮೆ ಇಲ್ಲದಂತೆ ಕೊಡಿ, ಎಷ್ಟು ಎಂದು ಹೊರಡುವ ಮುಂಚೆಯೇ ಮಾತಾಡಿ.

ಮೇಲೆ ಮೂರು ಸಂಗತಿ ನೋಡಿ. ಕಲ್ಲುಮನೆಯ ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ಕಬ್ಬಿಣದ ಉಳಿಯಿಂದಲೋ ಕಲ್ಲಿನಿಂದ ಜಜ್ಜಿಯೋ ಎಂದು ಅಂಚನ್ನು ನೋಡಿ ನೀವೇ ಊಹಿಸಬಹುದು. ಚಪ್ಪಡಿ ಎಬ್ಬಿಸಿದ ಜಾಗ. ಪಕ್ಕದ ಬಂಡೆಯಲ್ಲೇ ಪದರ ಎದ್ದ ಗುರುತು ಸಿಗುತ್ತದೆ, ಕಲ್ಲನ್ನು ದೂರದಿಂದ ಹೊತ್ತು ತಂದಿಲ್ಲ. ಮತ್ತೆ ಎತ್ತರದ ಬಂಡೆಯ ಮೇಲೆ ಕೂತ ಅರೆಗೋಳದ ನಗಾರಿ ಕಲ್ಲು. ಬಡಿದರೆ ಅದರ ಸದ್ದು ಬಹುದೂರ ಕೇಳುತ್ತದೆ, ಆದರೆ ಎಲ್ಲರೂ ಕಲ್ಲಿನಿಂದ ಬಡಿದು ಬಡಿದು ಗುಳಿ ಬಿದ್ದಿದೆ. ಬಡಿಯಬೇಡಿ. ಕಲ್ಲುಮನೆಯ ಒಳಗೆ ನುಸುಳಬೇಡಿ, ಮೇಲಿನ ಚಪ್ಪಡಿ ಟನ್ನುಗಟ್ಟಲೆ ತೂಗುತ್ತದೆ, ಆಸರೆಯ ಚಪ್ಪಡಿಗಳು ಎಷ್ಟೋ ಕಡೆ ವಾಲಿವೆ.

ಆನೆಗೊಂದಿ

ಇಳಿಹೊತ್ತು ಆನೆಗೊಂದಿಗೆ. ಗಗನ ಮಹಲ್, ರಂಗನಾಥ ಗುಡಿ, ಹಳೆಯ ಅಗಸಿ ಬಾಗಿಲು ಎಲ್ಲ ನಡೆದಾಡುವ ದೂರದಲ್ಲೇ ಇವೆ. ನದಿ ಕಡೆಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಬಣ್ಣದ ಚಿತ್ರಗಳಿವೆ. ಫ್ಲ್ಯಾಶ್ ಬೇಡ, ಕನ್ನಡಿಯ ಬಿಸಿಲೂ ಬೇಡ, ಬಣ್ಣ ಮಾಸುತ್ತದೆ. ಹೊರಗಿನ ಬೆಳಕಿಗೆ ಬೆನ್ನು ಹಾಕಿ ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಎಲ್ಲ ಕಾಣುತ್ತದೆ.

ಇಲ್ಲಿ ಗುಡಿಗಳಷ್ಟೇ ನೋಡಬೇಕಾದದ್ದು ಸರಿಪಡಿಸಿ ಬಳಕೆಗೆ ತಂದ ಹಳೆ ಮಾಳಿಗೆ ಮನೆಗಳು. ಕೆಲವು ಈಗ ಅತಿಥಿಗಳು ಉಳಿಯುವ ಮನೆಗಳಾಗಿವೆ, ಉಳಿದುಕೊಂಡೇ ನೋಡಬಹುದು. ಒಳಗೆ ಹೋದಾಗ ತಲೆ ಎತ್ತಿ: ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಅಡ್ಡಕ್ಕೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಡ್ಡಿ, ಎಲ್ಲಕ್ಕೂ ಮೇಲೆ ಒಂದಡಿ ಮಣ್ಣಿನ ಮುದ್ದೆ, ನಡುವೆ ಬೆಳಕಿಂಡಿ. ಮೇಲ್ಪದರಕ್ಕೆ ಸವಳು ಮಣ್ಣು ಹಾಕುತ್ತಾರೆ, ಅದು ಮಳೆಗೆ ಬಿಗಿದುಕೊಂಡು ನೀರನ್ನು ಒಳಬಿಡುವುದಿಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಿಗಿಮಾಡದಿದ್ದರೆ ಸೋರಲು ಶುರು. ಇದೇ ಬೇಸರಕ್ಕೆ ಅನೇಕರು ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಕಾಂಕ್ರೀಟು ಬಿರುಕು ಬಿಟ್ಟು ಒಳಗೆ ಇಳಿದ ನೀರು ಮೇಲಕ್ಕೆ ಆರಲಾರದೆ ತೊಲೆಯ ತುದಿಯನ್ನು, ಗೋಡೆಯೊಳಗೆ ಹೂತ ಭಾಗವನ್ನು, ಯಾರಿಗೂ ಕಾಣದಂತೆ ಕೊಳೆಸುತ್ತದೆ. ದುರಸ್ತಿ ಚೆನ್ನಾಗಿದೆಯೇ ಎಂದು ತಿಳಿಯಲು ಗೋಡೆಯ ಬುಡದ ಎರಡಡಿ ನೋಡಿ. ಮಣ್ಣಿನ ಗಿಲಾಯಿ ಇದ್ದಲ್ಲಿ ಒಣಗಿ ಸಮವಾಗಿರುತ್ತದೆ. ಸಿಮೆಂಟು ಬಳಿದಲ್ಲಿ ಬಿಳಿ ಉಪ್ಪು ಹೂ ಬಿಟ್ಟು, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಜನ ವಾಸವಿರುವ ಮನೆ ಇವು. ‘ಅಕ್ಕಾರ, ಒಳಗ ಬಂದು ನೋಡಬಹುದಾ?’ ಎಂದು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಹೋಗಿ, ಅಡುಗೆಮನೆ ಮತ್ತು ದೇವರ ಕೋಣೆಯ ಫೋಟೋ ಬೇಡ.

ನವವೃಂದಾವನ ನಡುಗಡ್ಡೆಗೆ ದೋಣಿಯಲ್ಲೇ ಹೋಗಬೇಕು. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಜುಲೈಯಿಂದ ಅಕ್ಟೋಬರ್ ಹೀಗಾಗುವುದು ಹೆಚ್ಚು. ಹೊರಡುವ ದಿನ ಬೆಳಿಗ್ಗೆ ಗಂಗಾವತಿಯಲ್ಲೇ ವಿಚಾರಿಸಿ. ಅದು ಒಂಬತ್ತು ಯತಿಗಳ ವೃಂದಾವನಗಳಿರುವ ಕ್ಷೇತ್ರ, ನೆಲದ ಮೇಲೆ ಹಾಕಿದ ಗೆರೆ ದಾಟಬೇಡಿ. ಶನಿವಾರ ಮತ್ತು ಹನುಮ ಜಯಂತಿಯ ದಿನ ಹತ್ತಿರದ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಬರುವ ಜನಸಂದಣಿಗೆ ಆನೆಗೊಂದಿ ರಸ್ತೆ ಕಟ್ಟಿಕೊಳ್ಳುತ್ತದೆ, ಬೇರೆ ದಿನ ಆರಿಸಿ.

ಕೀಲಿ, ಅನುಮತಿ, ದೂರು

ಸಣ್ಣ ಗುಡಿಗೆ ಬೀಗ ಹಾಕಿದ್ದರೆ ಹತ್ತಿರದ ಮನೆಯಲ್ಲಿ ‘ಗುಡಿ ಕೀಲಿ ಯಾರ ಹತ್ರ ಐತ್ರಿ?’ ಎಂದು ಕೇಳಿ. ಕಾವಲುಗಾರರಿದ್ದರೆ ಅವರ ಊಟದ ಹೊತ್ತು, ಒಂದರಿಂದ ಎರಡೂವರೆ, ಬಿಟ್ಟು ಹೋಗಿ. ಫೋನಿನ ಫೋಟೋಗೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಟ್ರೈಪಾಡಿಗೂ ಡ್ರೋನಿಗೂ ಮುಂಚೆ ಬರವಣಿಗೆಯ ಅನುಮತಿ ಬೇಕು, ಅಲ್ಲಿ ನಿಂತು ವಾದ ಮಾಡಿ ಕಾವಲುಗಾರರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ.

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಮತ್ತೆ 200 ಮೀಟರ್ ಅನುಮತಿ ಬೇಕಾದ ವಲಯ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲ್ಲಿನ ಮೇಲೆ ಹೊಸದಾಗಿ ಹೆಸರು ಗೀಚಿದ್ದು, ಬಣ್ಣ ಬಳಿದದ್ದು, ನಿಧಿಗೆಂದು ಅಗೆದ ಗುಂಡಿ ಕಂಡರೆ ಮುಟ್ಟದೆ ಮೂರು ಫೋಟೋ ತೆಗೆಯಿರಿ: ಹತ್ತಿರದಿಂದ ಅಳತೆಗೆ ಪಕ್ಕದಲ್ಲಿ ಪೆನ್ನಿಟ್ಟು ಒಂದು, ಆ ಗೋಡೆ ಇಡೀ ಕಾಣುವಂತೆ ಒಂದು, ಕಟ್ಟಡದ ಬಾಗಿಲ ಜೊತೆ ಒಂದು. ದಿನಾಂಕ, ಹೊತ್ತು, ಯಾವ ದಿಕ್ಕಿನ ಗೋಡೆ ಎಂದು ಬರೆದು, ಫಲಕದ ಮೇಲೆ ಹೆಸರಿರುವ ಪುರಾತತ್ವ ಕಚೇರಿಗೂ ಗ್ರಾಮ ಪಂಚಾಯಿತಿಗೂ ಕಳಿಸಿ. ಅಗೆದ ಗುಂಡಿಯಾದರೆ ಅದೇ ದಿನ ಪೊಲೀಸ್ ಠಾಣೆಗೂ ತಿಳಿಸಿ, ಏಕೆಂದರೆ ಅಗೆದವರು ಮರುರಾತ್ರಿ ಮತ್ತೆ ಬರುವ ಸಂಭವ ಹೆಚ್ಚು.